ಫಟಫಟಿಗೆ ಜಾಲಿ ಕಟ್ಟಿಗಿ ಸ್ಟ್ಯಾಂಡು

ಯಲಬುರ್ಗಿ, ೧೨ ಜೂನ್ ೧೯೪೬, ಬುಧವಾರ

ಸರಪಳಿ ಒರಸಿದ್ನಿ. ಎಣ್ಣಿ ಹಾಕಿದ್ನಿ. ಪೆಟ್ರೋಲಿನ ನಳಾ ಬಂದ್. ದಿನಾಲೂ ಮಾಡೂದ ಇದು... ಆದ್ರ ಇನ್ನ ಸಾಹೇಬ್ರ ಮೋಟಾರ್ ಸೈಕಲ್ಲು, ಈ ಫಟಫಟಿ, ಹೊರಗ ಹೋಗೂದಿಲ್ಲ. ಮಳಿ ಹತ್ತೈತಿ. ಎರಿ ಮಣ್ಣಿನ ದಾರಿ, ಗಾಲಿಗೆ ರಾಡಿ ಮೆತ್ತಿ ಮಡಗಾರ್ಡ್ ತುಂಬಿ ನಿಂತಬಿಡತೈತಿ. ಓವರ್ಸಿಯರ್ ಸಾಹೇಬ್ರು ರಸ್ತಾ ನೋಡಾಕ ಕುದುರಿ ಮ್ಯಾಲ ಹೊಂಟಾರ.

ಹೋಗೂ ಮುಂದ ಹೇಳಿದ್ರು: "ಹುಚ್ಚೀರಪ್ಪ, ದಸರಾ ತನಕ ಇದು ಶೆಡ್ಡಿನ್ಯಾಗ. ಟಾಯರ್ ನೆಲಕ್ಕ ತಾಗಬಾರದು ನೋಡು. ಒಂದ ಕಡಿ ಭಾರಾ ಬಿದ್ದು ಸೀಳಿದ್ರ ಮತ್ತೊಂದ ಎಲ್ಲಿಂದ ತರ್ಲಿ? ಯುದ್ಧ ಮುಗದೈತಿ, ರಬ್ಬರ ಇನ್ನೂ ಬಂದಿಲ್ಲ."

ಮಿಲಿಟ್ರಿ ಹರಾಜಿನ್ಯಾಗ ಬಂದ ಗಾಡಿ. ಹಿಂದಿನ ಸ್ಟ್ಯಾಂಡು ಮುರದ ಬಂದೈತಿ. ಪಕ್ಕದ ಒಂಟಿ ಕಾಲು ಉಳದೈತಿ — ನಮ್ಮ ನೆಲದಾಗ ಅದು ಬೆಣ್ಯಾಗ ಬೆರಳ ಇಟ್ಟಂಗ. ಮುಂಜಾನಿ ನೆಟ್ಟಗ ನಿಲ್ಲಿಸಿದ್ರ ಸಂಜಿಗೆ ಓರಿ.

ನಂದು ತಳಕಲ್ ಊರಾಗ ಎತ್ತಿನ ಗಾಡಿ ಮಾಡೂ ಮನಿತನ. ಕೀಲೆಣ್ಣಿ ಹಾಕೂ ಮುಂದ ಅಚ್ಚಿನ ಕೆಳಗ ಒಂದ ಕವೆಗೋಲು ಕೊಟ್ಟು ಗಾಲಿ ಎಳದಬಿಡ್ತೀವಿ. ಐವತ್ತ ವರ್ಷದಾಗ ಎಷ್ಟ ಗಾಡಿ ಎತ್ತೀನಿ! ಅದಕ್ಕೂ ಎರಡ ಗಾಲಿ, ಇದಕ್ಕೂ ಎರಡ ಗಾಲಿ. ಇಂಜಿನ್ನಿನ ಕೆಳಗ ಕವೆಗೋಲು ಕೊಟ್ಟು ಎತ್ತಿದ್ವಿ, ನಾನೂ ಶೆಡ್ಡಿನ ಇನ್ನೊಬ್ಬ ಆಳು ಗಾಳೆಪ್ಪನೂ. ಗಟ್ಟಿ ನಿಂತೈತಿ.

"ಕಾಕಾ, ಅಲಗಾಡತೈತಲ್ಲ" ಅಂದ ಗಾಳೆಪ್ಪ.

"ನಿನ್ನ ಕಣ್ಣ ಅಲಗಾಡಾಕತ್ತಾವು" ಅಂದ್ನಿ.

೧೪ ಜೂನ್, ಶುಕ್ರವಾರ

ಬಿತ್ತು. ಗಾಳೆಪ್ಪನ ಮ್ಯಾಲ.

ಹಿಂದಿನ ಗಾಲಿ ಬಿಚ್ಚು, ಬ್ರೇಕಿನ್ಯಾಗಿನ ರಾಡಿ ತೆಗಿ ಅಂತ ನಾನ ಹೇಳಿದ್ನಿ. ಅಂವ ಗಾಲಿ ಎಳದಾ, ಗಾಡಿ ಅಡ್ಡ ಹೊಳ್ಳಿತು. ಎಡಗಾಲು, ಮೊಣಕಾಲಿನ ಕೆಳಗ. ಸಪ್ಪಳ ಕೇಳಿದ್ನಿ... ಬ್ಯಾಡ.

ಎತ್ತಿನ ಗಾಡಿ ಗಾಲಿ ಎಡಕ್ಕೊಂದು ಬಲಕ್ಕೊಂದು. ಅದು ಮುಂದಕ್ಕ ಹಿಂದಕ್ಕ ಬೀಳತೈತಿ, ಕವೆಗೋಲು ತಡೀತೈತಿ. ಇದರ ಗಾಲಿ ಮುಂದೊಂದು ಹಿಂದೊಂದು. ಇದು ಬೀಳೂದು ಪಕ್ಕಕ್ಕ. ಇಷ್ಟ ಸಣ್ಣ ಮಾತು ಗಾಡಿ ಮಾಡವ್ನ ತಲಿಗೆ ಹೊಳೀಲಿಲ್ಲ.

ಸಾಹೇಬ್ರು ರಪೋಟು ಬರದ್ರು. "ಗಾಳೆಪ್ಪನ ಗಫಲತ್ತಿನಿಂದ ಆತು, ಅಂವ ಲಕ್ಷ ಕೊಡ್ಲಿಲ್ಲ, ಹೌದಲ್ಲೊ?" ಅಂದ್ರು. ನಾ "ಹೂಂ" ಅಂದ್ನಿ.

ಹೂಂ ಅಂದ್ನಿ.

೨೩ ಜೂನ್, ರವಿವಾರ

ಒಂಬತ್ತ ದಿನ ಬರಿಯಾಕ ಕೈ ಬರ್ಲಿಲ್ಲ.

ಇವತ್ತ ಗಾಳೆಪ್ಪನ ಮನಿಗೆ ಹೋದ್ನಿ. ಕಾಲಿಗೆ ಬಿದಿರ ದಬ್ಬಿ ಕಟ್ಯಾರ. ಹೆಂಡ್ತಿ ಫಕೀರಮ್ಮ ನೀರ ಕೊಟ್ಲು, ಮುಖಾ ನೋಡ್ಲಿಲ್ಲ. ಆಮ್ಯಾಲ ಒಲಿ ಕಡಿ ತಿರುಗಿ ಅಂದ್ಲು: "ಗಫಲತ್ತು ಅಂದ್ರ ಏನ್ರಿ ಕಾಕಾ? ಊರಾಗೆಲ್ಲ ಅನ್ನಾಕತ್ತಾರ. ನಮ್ಮವ್ರು ಕುಡದಿದ್ರೇನು?"

"ಇಲ್ಲವಾ" ಅಂದ್ನಿ.

"ಮತ್ತ ನಿದ್ದಿ ಮಾಡಿದ್ರೇನು?"

ಗಾಳೆಪ್ಪ ನನ್ನ ಕಡಿ ನೋಡಿ ನಕ್ಕ. "ಬಿಡ ಕಾಕಾ, ಅಕಿ ಹಂಗ ಮಾತಾಡ್ತಾಳ" ಅಂದ. ಬೈದಿದ್ರ ಛಲೋ ಇತ್ತು.

ಅಂವಂಗ ಬರ್ತರಫ್ ಆಗತೈತಂತ, ನೌಕ್ರಿ ಹೋಗತೈತಿ. ಆಗಸ್ಟಿನ್ಯಾಗ ರಾಯಚೂರಿನಿಂದ ದೊಡ್ಡ ಸಾಹೇಬ್ರು ಬಂದ್ರ ಹುಕುಂ ಆಗತೈತಿ.

೨೫ ಜೂನ್, ಮಧ್ಯಾಹ್ನ

ಹೇಳಿದ್ನಿ. ಓವರ್ಸಿಯರ್ ಸಾಹೇಬ್ರ ಮುಂದ ನಿಂತು, "ಕವೆಗೋಲು ಕೊಟ್ಟಾವ ನಾನ್ರಿ. ಗಾಲಿ ತೆಗಿ ಅಂದಾವನೂ ನಾನ. ಅವಂದೇನೂ ತಪ್ಪಿಲ್ಲ."

ಸಾಹೇಬ್ರು ರಪೋಟು ಹೊರಗ ತೆಗದ್ರು. "ಅವತ್ತ ಹೂಂ ಅಂದಿದ್ದೆಲ್ಲ?"

"ಅಂದಿದ್ನಿರಿ. ಅದೂ ನಂದ ತಪ್ಪು."

ರಪೋಟು ತಿದ್ದಿದ್ರು. ನನಗ ಶೆಡ್ಡು ತಪ್ಪಿತು. ದೊಡ್ಡ ಸಾಹೇಬ್ರು ಬಂದು ಹೋದ ಮ್ಯಾಲ ನಾ ಜಲ್ಲಿ ಒಡಿಯೂ ಗ್ಯಾಂಗಿಗೆ. ಆಗ್ಲಿ. ಕೈ ಗಟ್ಟಿ ಅದಾವು.

ಆದ್ರ ಗಾಳೆಪ್ಪನ ಗಂಟು ಬಿಚ್ಚಲಿಲ್ಲ. ಸಾಹೇಬ್ರು ಅಂದ್ರು: "ನೀ ಹೋದ ಮ್ಯಾಲ ಶೆಡ್ಡಿಗೆ ಒಬ್ಬನ ಆಳು. ಕುಂಟಕಾಲವ ಎರಡ ಜ್ವಾಳದ ಚೀಲದಷ್ಟ ಭಾರದ ಫಟಫಟಿ ಹೆಂಗ ಎತ್ತತಾನ? ದೊಡ್ಡ ಸಾಹೇಬ್ರ ಮುಂದ ಅಂವ ಒಬ್ಬನ ಎತ್ತಿ ನಿಲ್ಲಿಸಿ, ಗಾಲಿ ಬಿಚ್ಚಿ ತೋರಿಸ್ಲಿ. ಅಂವಂದ ನೌಕ್ರಿ. ಇಲ್ಲಂದ್ರ ಬ್ಯಾರೆ ಆಳ ನೋಡ್ತೀನಿ."

ಎತ್ತತಾನ್ರಿ, ಅಂದ ಬಂದೀನಿ. ಹೆಂಗ ಅಂತ ನನಗೂ ಗೊತ್ತಿಲ್ಲ. ಮಾಡಾವ್ನ.

೩ ಜುಲೈ

ಶೆಡ್ಡಿನ ತೊಲಿಗೆ ಹಗ್ಗ ಕಟ್ಟಿ ಜಗ್ಗಿ ನೋಡಿದ್ನಿ. ಎದ್ದಿತು, ಆದ್ರ ತೊಟ್ಟಲ ತೂಗಿದಂಗ ತೂಗತೈತಿ. ನಟ್ಟಿಗೆ ಪಾನಾ ಹಾಕಿದ್ರ ಗಾಡಿನ ತಿರುಗತೈತಿ. ತೊಲಿ ಕಿರ್ ಅಂತು. ಇಳಿಸಿದ್ನಿ.

ಇಂಜಿನ್ನಿನ ಕೆಳಗ ಹಲಗಿ ಮಣಿ... ಛಲೋ ನಿಲ್ಲತೈತಿ, ಆದ್ರ ಮ್ಯಾಲ ಹತ್ತಿಸಾಕ ಇಬ್ಬರ ಬೇಕು. ಇಬ್ಬರ ಇಲ್ಲ. ಅದ ಲೆಕ್ಕಾ ಮುಗೀತು.

ಮುರದ ಸ್ಟ್ಯಾಂಡ ಕೂಡಿಸಿದ್ರ? ಅದನ್ನ ಕಾಲಿಲೆ ಒತ್ತಿ, ಗಾಡಿ ಹಿಂದಕ್ಕ ಜಗ್ಗಬೇಕು. ಒಂದ ಕಾಲ ಮ್ಯಾಲ ನಿಂತು ಮಾಡಿದ್ನಿ. ಬಿದ್ನಿ. ಶೆಡ್ಡಿನ್ಯಾಗ ಯಾರೂ ಇದ್ದಿದ್ದಿಲ್ಲ, ಪುಣ್ಯಾ.

೯ ಜುಲೈ

ಹೊಳೀತು! ರಸ್ತಾದ ಮ್ಯಾಲ ಆಳುಗಳು ದೊಡ್ಡ ಕಲ್ಲು ಹೊಳ್ಳಿಸಾಕತ್ತಿದ್ರು. ಉದ್ದನ ಹಾರಿ, ತುದಿಗೆ ಕೈ, ಒತ್ತಿದ್ರು, ಕಲ್ಲು ಎದ್ದಿತು. ಕಾಲಿನ ಕೆಲಸ ಏನೂ ಇಲ್ಲ. ಮೈಯಿನ ಭಾರ ಸಾಕು.

ಹಂಗಾರ ಸ್ಟ್ಯಾಂಡಿಗೂ ಉದ್ದನ ಹಿಡಿಕಿ ಬೇಕು. ಅಗಲಾಗಿ ಎರಡ ಕಾಲು, ಪಕ್ಕಕ್ಕ ಹೊಳ್ಳದಂಗ. ಹಿಂದಿನ ಅಚ್ಚಿಗೆ ಎರಡೂ ಕಡಿ ಕೊಕ್ಕಿ. ಹಿಡಿಕಿ ಕೆಳಗ ಒತ್ತಿದ್ರ ಗಾಲಿ ಮ್ಯಾಲ.

ಕಮ್ಮಾರ ವಿರುಪಣ್ಣನ ಹತ್ರ ಹೋದ್ನಿ. "ಏನ ಹುಚ್ಚೀರಪ್ಪನವ್ರ, ಫಟಫಟಿಗೆ ಲಾಳ ಕಟ್ಟಿಸ್ತೀರೇನು?" ಅಂದ. ಕೊಕ್ಕಿ ಬಡದ ಕೊಡತಾನಂತ. ಕಟ್ಟಿಗಿ ನಂದು — ಮನಿ ಹಿಂದಿನ ಹಳೇ ಜಾಲಿ. ಹೆಂಡ್ತಿ ದುರಗಮ್ಮ ಅದನ್ನ ನೇಗಿಲಿಗೆ ಅಂತ ಇಟ್ಟಿದ್ಲು. "ಒಯ್ರಿ, ಆ ಹುಡಗೀ ಮುಖಾ ನೋಡಾಕ ಆಗವಲ್ದು ನನಗ" ಅಂದ್ಲು. ಫಕೀರಮ್ಮಂದ ಮಾತು.

೨೧ ಜುಲೈ, ರವಿವಾರ

ಗಾಳೆಪ್ಪನ್ನ ಎತ್ತಿನ ಗಾಡ್ಯಾಗ ಕುಂದ್ರಿಸ್ಕೊಂಡ ಬಂದ್ನಿ. ಸ್ಟ್ಯಾಂಡ ತೋರಿಸಿದ್ನಿ. ಹಿಡಿಕಿ ಒತ್ತಿದ್ನಿ, ಗಾಲಿ ನಾಕ ಬೆರಳ ಮ್ಯಾಲ ಎದ್ದಿತು. ನನಗ ಕುಣೀಬೇಕು ಅನಿಸ್ತು.

ಗಾಳೆಪ್ಪ ಬಗ್ಗಿ ನೋಡಿದ. "ಕಾಕಾ, ಕೊಕ್ಕಿ ಎಲ್ಲಿ ಹಿಡದೈತಿ?"

"ಅಚ್ಚಿಗೆ."

"ಗಾಲಿ ಬಿಚ್ಚಬೇಕಂದ್ರ ಮೊದ್ಲ ಏನ ತೆಗೀಬೇಕು?"

ಕೊಕ್ಕಿ ಮುಟ್ಟಿ ನೋಡಿದ್ನಿ.

"ಅಚ್ಚು" ಅಂದ. "ಅಚ್ಚ ತೆಗದ್ರ ನಿನ್ನ ಕೊಕ್ಕಿ ಗಾಳೀನ ಹಿಡಕೊಂಡ ನಿಲ್ಲತೈತೇನು? ಇನ್ನೊಂದ ಕಾಲೂ ಕೇಳಾಕ ಬಂದಿಯೇನಪಾ?"

ಇಬ್ಬರೂ ನಕ್ವಿ. ನಕ್ಕು ನಕ್ಕು ನನ್ನ ಕಣ್ಣಾಗ ನೀರು ಬಂದ್ವು. ಅಂವ ನೋಡಿದ, ಬ್ಯಾರೆ ಕಡಿ ತಿರುಗಿದ. ಆಮ್ಯಾಲ ಅಂವನ ತೋರಿಸಿದ: ಅಚ್ಚಿನ ಮುಂದ, ಗಾಡಿ ಚೌಕಟ್ಟಿನ ಕೊಳವಿ ಐತಿ, ಅಲ್ಲಿ ಹಿಡಿ ಅಂತ. ಅಂವ ಶೆಡ್ಡಿನ್ಯಾಗ ಇರಬೇಕಾದಾವ. ನಾ ಅಲ್ಲ.

೪ ಆಗಸ್ಟ್

ಹೊಸಾ ಕೊಕ್ಕಿ. ಒಳಗ ಹಳೇ ಚರ್ಮ ಸುತ್ತೀನಿ, ಕೊಳವಿ ಜಾರಬಾರದು. ಕಾಲಿನ ಕೆಳಗ ಚಪ್ಪಡಿ ಕಲ್ಲು ಹಾಸೀನಿ, ಎರಿ ನೆಲಾ ನುಂಗಬಾರದು.

ಮೊದಲ್ನೇ ಸಲ ಗಾಳೆಪ್ಪ ಊರುಗೋಲಿನ ಮ್ಯಾಲ ನಿಂತು ಹಿಡಿಕಿ ಒತ್ತಿದ, ಗಾಡಿ ಮುಂದಕ್ಕ ಓಡಿತು. ನಾ ಹಿಡದ್ನಿ. "ಮುಟ್ಟಬ್ಯಾಡ! ದೊಡ್ಡ ಸಾಹೇಬ್ರು ಬಂದ ದಿನಾ ನೀ ಇರೂದಿಲ್ಲ" ಅಂತ ಒದರಿದ. ಖರೆ.

ಮುಂದಿನ ಗಾಲಿಗೆ ಕಟ್ಟಿಗಿ ದೋಣಿ ಕಡದ್ನಿ. ಗಾಲಿ ಅದರಾಗ ಇಳದ್ರ ಮುಂದಕ್ಕೂ ಇಲ್ಲ, ಪಕ್ಕಕ್ಕೂ ಇಲ್ಲ. ಐದ ಸಲ ಎತ್ತಿದ. ಮೂರ ಸಲ ನಿಂತಿತು. ಎರಡ ಸಲ ಊರುಗೋಲು ಜಾರಿ ಹಿಡಿಕಿ ಬಿಟ್ಟ.

ಮೂರು ಸಾಲದು.

೧೧ ಆಗಸ್ಟ್, ಸಂಜಿ

ಹತ್ತಕ್ಕ ಒಂಬತ್ತು. ಫಕೀರಮ್ಮ ಬುತ್ತಿ ತಂದಾಕಿ ಬಾಗಲದಾಗ ನಿಂತು ಎಣಿಸಿದ್ಲು. ಹತ್ತನೇದಕ್ಕ ಜಾರಿತು. "ನಾಳಿ ಮೊದಲ್ನೇದನ್ನ ಎತ್ರಿ, ಹತ್ತನೇದರ ತನಕ ಹೋಗಬ್ಯಾಡ್ರಿ" ಅಂದ್ಲು ಗಂಡಗ. ನನಗೂ ಒಂದ ರೊಟ್ಟಿ ಕೊಟ್ಲು. ಎಣ್ಣಿಗಾಯಿ ಇತ್ತು.

೧೨ ಆಗಸ್ಟ್, ಸೋಮವಾರ, ಹತ್ತು ಗಂಟೆ

ದೊಡ್ಡ ಸಾಹೇಬ್ರ ಮೋಟಾರು ಬಂದೈತಿ. ಶೆಡ್ಡಿನ ಒಳಗ ಹೋಗ್ಯಾರ.

ಗಾಳೆಪ್ಪ ನನ್ನ ಹೊರಗ ಹಾಕ್ಯಾನ. "ನೀ ಮುಂದ ನಿಂತ್ರ ನನ್ನ ಲಕ್ಷ ನಿನ್ನ ಮ್ಯಾಲ ಇರತೈತಿ ಕಾಕಾ. ಹೋಗು, ಏನರ ಬರೀತಾ ಕುಂದ್ರು." ಜಲ್ಲಿ ರಾಶಿ ಮ್ಯಾಲ ಕುಂತೀನಿ. ಫಕೀರಮ್ಮ ಬೇವಿನ ಗಿಡದ ಕೆಳಗ.

ದೋಣ್ಯಾಗ ಗಾಲಿ ಇಳೀತು — ಆ ಸಪ್ಪಳ ನನಗ ಗೊತ್ತು. ಊರುಗೋಲು ಟಕ್ ಟಕ್. ಹಿಂದ ಹೋಗಾಕತ್ತಾನ.

ಸಾಹೇಬ್ರು ಏನೋ ಅಂದ್ರು. ಗಾಳೆಪ್ಪ "ಬ್ಯಾಡ್ರಿ, ನಾನ ಎತ್ತತೀನಿ" ಅಂದ.

ಕೊಕ್ಕಿ ಕೂಡಿತು. ಒಂದ... ಇನ್ನೊಂದ. ಜಾಲಿ ಕಟ್ಟಿಗಿ ಕಿರಗುಟ್ಟಾಕತ್ತೈತಿ.

ನಿಂತಿತು. ಸಪ್ಪಳ ಇಲ್ಲ. ಬಿದ್ದ ಸಪ್ಪಳಾನೂ ಇಲ್ಲ. ಫಕೀರಮ್ಮ ಎದ್ದ ನಿಂತಾಳ.

ಸರ್ ಸರ್ ಸರ್... ಗಾಲಿ ತಿರುಗಾಕತ್ತೈತಿ. ಕೈಯಿಲೆ ತಿರುಗಿಸ್ಯಾನ. ನೆಲಾ ಬಿಟ್ಟ ಗಾಲಿಗೆ ಮಾತ್ರ ಆ ಸಪ್ಪಳ. ಈಗ ಪಾನಾ. ನಟ್ಟು ಕಲ್ಲಿನ ಮ್ಯಾಲ ಟಣ್ ಅಂತು, ಅಚ್ಚು ಎಳದಾ, ಗಾಲಿ ಹೊರಗ... ಗಾಡಿ ನಿಂತೈತಿ, ನಿಂತ ಐತಿ, ಸಾಹೇಬ್ರು ನಗಾಕತ್ತಾರ, ಫಕೀರಮ್ಮ ಓಡಿದ್ಲು, ನಾನೂ ಎದ್ದು...