ಕೆಂಪು ಟೋಪಿಯ ಬಾಲ ಮತ್ತು ನನ್ನ ಹದಿನೆಂಟು ವರ್ಷದ ಪಾಠ

ಹಲ್ಫಾವೀನ್, ತೂನಿಸ್
ಅಕ್ಟೋಬರ್ ಮೊದಲ ವಾರ

ಪ್ರಿಯ ರಫ್ಲಾ,

ಲಕೋಟೆಯ ಮೇಲಿನ ಅಕ್ಷರ ನೋಡಿದ ಕೂಡಲೇ ಇದು ಯಾರ ಪತ್ರವೆಂದು ನಿನಗೆ ಗೊತ್ತಾಗಿರುತ್ತದೆ. ನಿನ್ನ ಪ್ರಬಂಧದ ಅಂಚಿನ ತುಂಬ ಕೆಂಪು ಶಾಯಿಯಲ್ಲಿ ಗೀಚಿದ ಅಕ್ಷರವೇ ಇದು. ಹರಿದು ಹಾಕಬೇಕೆನಿಸಿದರೆ ಖಂಡಿತ ಹರಿದು ಹಾಕು, ಆದರೆ ಓದಿದ ಮೇಲೆ. ಇದರಲ್ಲಿ ನಿನಗೆ ತಿಳಿಯದ ಒಂದು ಸಂಗತಿ ಇದೆ, ಅದು ನಿನ್ನ ಅಮ್ಮ ಮಾಡಿದ್ದು. ಗಾಬರಿಯಾಗಬೇಡ, ಶಾದ್ಲಿಯಾ ಚೆನ್ನಾಗಿದ್ದಾರೆ. ಮೊನ್ನೆ ತಾನೇ ಅರ್ಯಾನಾಕ್ಕೆ ಹೋಗಿ ಅವರ ಕೈಯ ಚಹಾ ಕುಡಿದು ಬಂದೆ.

ಮೇ ತಿಂಗಳಲ್ಲಿ ನಾನು ನಿವೃತ್ತನಾದೆ. ಹೂಗುಚ್ಛ, ಭಾಷಣ, ಗೋಡೆ ಗಡಿಯಾರ ಎಲ್ಲವೂ ಆಯಿತು. ಅರ್ಥಶಾಸ್ತ್ರ ಚಿಂತನೆಯ ಇತಿಹಾಸವನ್ನು ಮೂವತ್ತೊಂದು ವರ್ಷ ಕಲಿಸಿದ ಮಹನೀಯ ಎಂದು ಹೊಗಳಿದರು. ಅದರಲ್ಲಿ ಏಳು ವರ್ಷ ಒಬ್ಬ ವಿದ್ಯಾರ್ಥಿನಿಯ ಪ್ರಬಂಧಕ್ಕೆ ಸಹಿ ಹಾಕದೆ ಬಿಗಿದುಕೊಂಡು ಕೂತಿದ್ದನೆಂದು ಯಾರೂ ಹೇಳಲಿಲ್ಲ. ಹೇಳಬೇಕಾದವಳು ಆ ಹೊತ್ತಿನಲ್ಲಿ ಕೆಫ್ ಪಟ್ಟಣದ ಶಾಲೆಯಲ್ಲಿ ಮಕ್ಕಳಿಗೆ ಭೂಗೋಳ ಕಲಿಸುತ್ತಿದ್ದಳು.

ಆ ಪಾಠ ನಿನಗೆ ನೆನಪಿದ್ದೇ ಇರುತ್ತದೆ. ಜನ ಹೆಚ್ಚಿದಂತೆ ಅನ್ನಕ್ಕೆ ಪೈಪೋಟಿ ಹುಟ್ಟುತ್ತದೆ ಎಂದು ಇಂಗ್ಲೆಂಡಿನ ಪಾದ್ರಿಯೊಬ್ಬ ಬರೆದ. ಅದನ್ನು ಓದಿದ ಜೀವವಿಜ್ಞಾನಿಗೆ ಹಕ್ಕಿ ಹುಳುಗಳ ಬದುಕಿನ ಗುಟ್ಟು ಹೊಳೆಯಿತು. ಆಮೇಲೆ ಅರ್ಥಶಾಸ್ತ್ರಜ್ಞರು ಆ ವಿಚಾರವನ್ನು ತಮ್ಮ ಮನೆಗೇ ವಾಪಸು ತಂದರು, ಪಕ್ಕದ ಮನೆಗೆ ಕೊಟ್ಟ ಪಾತ್ರೆ ಏನನ್ನೋ ತುಂಬಿಕೊಂಡು ಹಿಂದಿರುಗಿದ ಹಾಗೆ. ಒಬ್ಬ ಉದ್ಯಮಗಳನ್ನು ಕಾಡಿನ ಮರಗಳಿಗೆ ಹೋಲಿಸಿದ. ಅಮೆರಿಕದ ಮುಂಗೋಪಿಯೊಬ್ಬ, ನಮ್ಮ ಎಷ್ಟೋ ಅಭ್ಯಾಸಗಳು ಎಂದೋ ಸತ್ತುಹೋದ ಕಾಲದ ಉಳಿಕೆಗಳು ಎಂದ. ಮತ್ತೆ ಕೆಲವರು, ಪೈಪೋಟಿಯಲ್ಲಿ ಉಳಿದುಕೊಂಡದ್ದೆಲ್ಲ ಯೋಗ್ಯವಾದದ್ದೇ, ಯಾರಿಗೂ ಕಾರಣ ಗೊತ್ತಿಲ್ಲದಿದ್ದರೂ ಕಾರಣವಂತೂ ಇದ್ದೇ ಇರುತ್ತದೆ ಎಂದರು. ಎಲ್ಲರ ಮಾತನ್ನೂ ನಿಷ್ಪಕ್ಷಪಾತವಾಗಿ ಹೇಳುತ್ತೇನೆಂದು ನಾನು ಹೇಳಿಕೊಳ್ಳುತ್ತಿದ್ದೆ. ಆದರೆ ನನ್ನ ಪಕ್ಷ ಯಾವುದೆಂದು ಮೊದಲ ಬೆಂಚಿನಿಂದ ಕೊನೆಯ ಬೆಂಚಿನವರೆಗೆ ಎಲ್ಲರಿಗೂ ಗೊತ್ತಿತ್ತು. ಉಳಿದದ್ದೆಲ್ಲ ಯೋಗ್ಯವೇ ಎಂದವರ ಕಡೆ ನಾನು.

ಅದಕ್ಕೆ ನನ್ನ ಮೆಚ್ಚಿನ ಉದಾಹರಣೆ ನಮ್ಮ ಕೆಂಪು ಉಣ್ಣೆ ಟೋಪಿ. ಅರ್ಯಾನಾದ ಹೆಂಗಸರು ಅದನ್ನು ಬೇಕಾದ್ದಕ್ಕಿಂತ ಮೂರು ಪಟ್ಟು ದೊಡ್ಡದಾಗಿ ಹೆಣೆಯುತ್ತಾರೆ, ಬತ್ತಾನಿನ ಗಿರಣಿಯವರು ಬಿಸಿನೀರು ಸಾಬೂನಿನಲ್ಲಿ ಬಡಿದು ಕುಗ್ಗಿಸುತ್ತಾರೆ, ಜಗ್ವಾನಿನಲ್ಲಿ ಬಣ್ಣ ಹತ್ತುತ್ತದೆ, ಕೊನೆಗೆ ತೂನಿಸಿನ ಅಂಗಡಿಯಲ್ಲಿ ರೂಪಕ್ಕೆ ಬರುತ್ತದೆ. ಹೆಣಿಗೆ ಮುಗಿಸುವಾಗ ಹೆಂಗಸರು ನೆತ್ತಿಯ ಮೇಲೆ ಗೇಣುದ್ದದ ಬಿಗಿಯಾದ ಬಾಲವೊಂದನ್ನು ಹೆಣೆದು ಬಿಡುತ್ತಿದ್ದರು. ನನ್ನ ಅಪ್ಪ ಅಂಗಡಿಯಲ್ಲಿ ಮೊದಲು ಮಾಡುತ್ತಿದ್ದ ಕೆಲಸವೆಂದರೆ ಅದನ್ನು ಕತ್ತರಿಸಿ ಬಿಸಾಡುವುದು. "ಇದು ಯಾಕಪ್ಪ?" ಎಂದು ಒಮ್ಮೆ ಕೇಳಿದ್ದೆ. "ಮೊದಲಿಂದ ಹಾಗೇ ಬರ್ತಿದೆ ಕಣೋ," ಎಂದಿದ್ದರು. ನಾನು ದೊಡ್ಡವನಾಗಿ ನಾಲ್ಕು ಪುಸ್ತಕ ಓದಿದ ಮೇಲೆ ಕಾರಣವನ್ನು ನಾನೇ ಕಂಡುಹಿಡಿದೆ. ಗಿರಣಿಯವರು ಕುದಿಯುವ ನೀರಿನಿಂದ ಟೋಪಿಯನ್ನು ಎತ್ತುವುದಕ್ಕೆ ಆ ಬಾಲ ಬೇಕು! ಇಲ್ಲವಾದರೆ ಇಷ್ಟು ಶತಮಾನ ಅದು ಉಳಿಯುತ್ತಿತ್ತೇ? ಹದಿನೆಂಟು ವರ್ಷ ಯಾರ ಎದುರುಮಾತೂ ಇಲ್ಲದೆ ಇದನ್ನೇ ಹೇಳಿದೆ. ನನ್ನ ಪುಸ್ತಕದಲ್ಲೂ ಬರೆದೆ. ಬತ್ತಾನಿಗೆ ಹೋಗಿ ಒಂದು ಮಾತು ಕೇಳಬೇಕೆಂದು ಒಂದು ದಿನವೂ ನನಗೆ ಅನ್ನಿಸಲಿಲ್ಲ.

ಹತ್ತೊಂಬತ್ತನೆಯ ವರ್ಷ ನೀನು ಎದ್ದು ನಿಂತೆ.

"ಉಸ್ತಾದ್, ನಮ್ಮಮ್ಮ ಮೂವತ್ತು ವರ್ಷದಿಂದ ಆ ಬಾಲ ಹೆಣೀತಿದಾರೆ. ಅದು ಯಾತಕ್ಕೂ ಅಲ್ಲ. ಒಂದೊಂದಕ್ಕೂ ಕಾಲು ಗಂಟೆ ಹಿಡಿಯುತ್ತೆ, ಕಣ್ಣು ಉರಿಯುತ್ತೆ. ಅಂಗಡಿಯೋರು ಕತ್ತರಿಸಿ ಎಸೀತಾರೆ."

ಒಂದು ನಿಮಿಷ ಸುಮ್ಮನಿದ್ದು ಯೋಚಿಸಬಹುದಿತ್ತು. ಆದರೆ ತರಗತಿಯಲ್ಲಿ ಎಂಬತ್ತು ಜನ ಇದ್ದರು, ನನ್ನ ನಾಲಿಗೆಗೂ ಆಗ ಹರಿತ ಜಾಸ್ತಿ. "ನಿಮ್ಮಮ್ಮನಿಗೆ ಗೊತ್ತಿಲ್ಲ ಅಂದ ಮಾತ್ರಕ್ಕೆ ಕಾರಣ ಇಲ್ಲ ಅಂತಲ್ಲಮ್ಮ. ಜೇನುಹುಳಕ್ಕೆ ರೇಖಾಗಣಿತ ಗೊತ್ತಿರುತ್ತಾ?" ಎಂದೆ. ಎಲ್ಲರೂ ನಕ್ಕರು. ನೀನು ನಗು ನಿಲ್ಲುವವರೆಗೆ ಕಾದು, ಮೆಲ್ಲಗೆ, "ಜೇನುಹುಳಾನ ಕೇಳೋಕಾಗಲ್ಲ ಉಸ್ತಾದ್. ನಮ್ಮಮ್ಮನ್ನ ಕೇಳಬಹುದು," ಎಂದೆ.

ಆಮೇಲೆ ಯಾರೂ ನಗಲಿಲ್ಲ. ಅದನ್ನು ನಾನು ಮರೆಯಲಿಲ್ಲ, ನಿನ್ನನ್ನು ಕ್ಷಮಿಸಲೂ ಇಲ್ಲ. ಇದನ್ನು ಬರೆಯುವಾಗ ನಾಚಿಕೆಯಾಗುತ್ತಿದೆ, ಆದರೆ ನಿಜ. ನೀನು ನನ್ನ ಬಳಿಯೇ ಸಂಶೋಧನೆಗೆ ಸೇರಿದಾಗ ದೊಡ್ಡ ಮನಸ್ಸು ಮಾಡಿದವನಂತೆ ನಟಿಸಿದೆ. ನಿನ್ನ ಮೂರನೆಯ ಅಧ್ಯಾಯ ಬಂದಾಗ ಆ ನಟನೆ ಮುಗಿಯಿತು. ಅರ್ಥಶಾಸ್ತ್ರಜ್ಞರು ಜೀವವಿಜ್ಞಾನದಿಂದ, ಯೋಗ್ಯವಾದದ್ದೇ ಉಳಿಯುತ್ತದೆ ಎಂಬ ಆಯ್ಕೆಯ ಮಾತನ್ನು ತಂದರು, ಉಪಯೋಗ ಮುಗಿದ ಮೇಲೂ ಅಂಟಿಕೊಂಡಿರುವ ಉಳಿಕೆಯ ಮಾತನ್ನು ಅಲ್ಲಿಯೇ ಬಿಟ್ಟು ಬಂದರು ಎಂದು ನೀನು ಬರೆದಿದ್ದೆ. ಉಳಿದದ್ದಕ್ಕೆಲ್ಲ ಉಪಯೋಗ ಹುಡುಕುವವನು, ಆ ಉಳಿಕೆಯ ಭಾರ ಹೊತ್ತವರನ್ನು ನೋಡುವುದಿಲ್ಲ ಎಂದಿದ್ದೆ. ಉದಾಹರಣೆಗೆ ಅದೇ ಟೋಪಿಯ ಬಾಲ. ನಾನು ಅಂಚಿನಲ್ಲಿ 'ಇದು ಶಾಸ್ತ್ರವಲ್ಲ, ಮನೆ ಹರಟೆ' ಎಂದು ಗೀಚಿದೆ.

ಕೊನೆಯ ಸಲ ನನ್ನ ಕೋಣೆಗೆ ನೀನು ಬಂದಾಗ, "ಮೂರನೇ ಅಧ್ಯಾಯ ತೆಗೆದುಬಿಡು, ನಾಳೇನೇ ಸಹಿ ಹಾಕ್ತೀನಿ," ಎಂದೆ. "ಅದನ್ನ ತೆಗೆದ್ರೆ ಉಳಿಯೋದು ನಿಮ್ಮ ಪುಸ್ತಕ ಉಸ್ತಾದ್. ಅದನ್ನ ನೀವಾಗ್ಲೇ ಬರ್ದಿದೀರಿ," ಎಂದು ನೀನು ಪ್ರಬಂಧದ ಕಟ್ಟು ಎತ್ತಿಕೊಂಡು ಹೊರಟೆ. ಬಾಗಿಲನ್ನು ಮೆತ್ತಗೆ ಹಾಕಿಕೊಂಡು ಹೋದೆ. ದಡಾರನೆ ಬಡಿದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಈಗ ಈ ಮಾರ್ಚಿನ ಸಂಗತಿಗೆ ಬರುತ್ತೇನೆ. ಕೊನೆಯ ಪಾಠದಲ್ಲಿ ಹುಡುಗರಿಗೆ ತೋರಿಸೋಣವೆಂದು ಹಸಿ ಹೆಣಿಗೆಯ ಟೋಪಿಯೊಂದನ್ನು ತರಲು ಪೇಟೆಗೆ ಹೋದೆ. ಅಪ್ಪನ ಅಂಗಡಿಯನ್ನು ಈಗ ಅವರ ಬಳಿ ಕೆಲಸ ಕಲಿತ ಅಮ್ಮಾರ್ ನೋಡಿಕೊಳ್ಳುತ್ತಾನೆ. ಅವನು ಚೀಲದಿಂದ ಒಂದು ತೆಗೆದುಕೊಟ್ಟ. ಬಾಲವಿಲ್ಲ. ಇನ್ನೊಂದು ತೆಗೆಸಿದೆ, ಅದಕ್ಕೂ ಇಲ್ಲ. ಇಡೀ ಚೀಲವನ್ನು ಸುರಿಸಿದೆ.

"ಬಾಲ ಎಲ್ಲಯ್ಯಾ?"

"ಯಾವ ಬಾಲ? ಓ, ಅದಾ! ಹೌದಲ್ವಾ, ಬರ್ತಾನೇ ಇಲ್ಲ ನೋಡಿ. ಎಷ್ಟು ವರ್ಷ ಆಯ್ತೋ ಏನೋ. ನಾನು ಗಮನಿಸ್ಲೇ ಇಲ್ಲ ಸಿ ತಿಜಾನಿ," ಎಂದ, ಮರ್ಯಾದೆಯ ಆ 'ಸಿ' ಮಾತ್ರ ಮರೆಯದೆ.

ನನ್ನ ಹದಿನೆಂಟು ವರ್ಷದ ಪಾಠ ಮಾಯವಾಗಿತ್ತು, ಅದನ್ನು ಯಾರೂ ಗಮನಿಸಿಯೂ ಇರಲಿಲ್ಲ! ಮರುದಿನವೇ ಬತ್ತಾನಿಗೆ ಹೋದೆ. ಗಿರಣಿಯ ಮುದುಕ ನನ್ನ ಪ್ರಶ್ನೆ ಕೇಳಿ ಕೈ ಒರೆಸಿಕೊಳ್ಳುತ್ತ ನನ್ನನ್ನೇ ನೋಡಿದ. "ಬಾಲ ಹಿಡ್ಕೊಂಡು ಎತ್ತೋಕೆ ಇದೇನು ಇಲೀನಾ? ನಾವು ಬುಟ್ಟಿಗಟ್ಟಲೆ ಎತ್ತೋದು. ಆ ದರಿದ್ರ ಬಾಲಗಳಿದ್ದಾಗ ಒಂದಕ್ಕೊಂದು ಸುತ್ಕೊಂಡು ಗಂಟಾಗೋವು, ಬಿಡಿಸೋಕೇ ಅರ್ಧ ದಿನ. ಅದನ್ನ ಶುರು ಮಾಡಿದೋರ್ಗೆ ನಾನು ಬೈಯದ ದಿನವಿಲ್ಲ," ಎಂದ. ಗಿರಣಿಯವನಿಗೆ ಉಪಕಾರವೆಂದು ನಾನು ಪುಸ್ತಕದಲ್ಲಿ ಬರೆದದ್ದು ಅವನ ಪಾಲಿಗೆ ಪೀಡೆಯಾಗಿತ್ತು. ಅಲ್ಲಿಂದ ನೇರವಾಗಿ ಅರ್ಯಾನಾದ ದಾರಿ ಹಿಡಿದೆ. ಇನ್ನು ಕೇಳುವುದಕ್ಕೆ ಉಳಿದಿದ್ದವರು ಒಬ್ಬರೇ.

ನಿನ್ನ ಅಮ್ಮ ಬಾಗಿಲು ತೆರೆದು, ನಾನು ಹೆಸರು ಹೇಳುವ ಮೊದಲೇ ಗುರುತು ಹಿಡಿದರು. "ಬನ್ನಿ ಸಿ ತಿಜಾನಿ. ತೂನಿಸಿಂದ ಅರ್ಯಾನಾಕ್ಕೆ ಬರೋಕೆ ಏಳು ವರ್ಷ ಬೇಕಾಯ್ತಲ್ಲ. ಬಸ್ಸು ಸಿಗಲಿಲ್ವೇನೋ," ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬಾದಾಮಿ ಹಾಕಿದ ಚಹಾ ಕೊಟ್ಟರು, ತಟ್ಟೆಯಲ್ಲಿ ಖರ್ಜೂರ ತುಂಬಿದ ಸಿಹಿತಿಂಡಿ ಮಕ್ರೂದ್ ಇಟ್ಟರು. ಹೆಣಿಗೆ ಕಡ್ಡಿಗಳನ್ನು ಮಾತ್ರ ಕೆಳಗಿಡಲಿಲ್ಲ.

ಬಾಲದ ಮೂಲ ಇಷ್ಟೇ. ಅವರ ಅಜ್ಜಿಯ ಕಾಲದಲ್ಲಿ ಟೋಪಿಗಳನ್ನು ಹಗ್ಗಕ್ಕೆ ಪೋಣಿಸಿ ಕತ್ತೆಯ ಮೇಲೆ ಬತ್ತಾನಿಗೆ ಸಾಗಿಸುತ್ತಿದ್ದರಂತೆ, ಪೋಣಿಸುವುದಕ್ಕೆ ಬಾಲ ಬೇಕಿತ್ತು. "ಆಮೇಲೆ ಗೋಣಿಚೀಲ ಬಂತು, ವ್ಯಾನು ಬಂತು. ಬಾಲ ಮಾತ್ರ ಹೋಗಲಿಲ್ಲ. ಬಿಟ್ರೆ ಅಂಗಡಿಯೋರು ಮಾಲು ವಾಪಸ್ ಕಳಿಸ್ತಾರೆ ಅಂತ ನಮಗೆ ಭಯ. ನಾವು ಬಿಡಲ್ಲ ಅಂದ್ಕೊಂಡು ಅಂಗಡಿಯೋರು ಸುಮ್ನಿದ್ರು," ಎಂದರು. ಅಮೆರಿಕದ ಆ ಮುಂಗೋಪಿ ಉಳಿಕೆ ಎಂದು ಕರೆದದ್ದು ಇದನ್ನೇ. ಪ್ರತಿವರ್ಷ ಅವನ ಬಗ್ಗೆ ಎರಡು ಗಂಟೆ ಮಾತಾಡಿದ ನಾನು, ಅಪ್ಪನ ಕತ್ತರಿಯ ಕೆಳಗೇ ಬಿದ್ದಿದ್ದನ್ನು ಗುರುತಿಸಲಿಲ್ಲ.

ಇನ್ನು ನಿನಗೆ ಗೊತ್ತಿಲ್ಲದ ಸಂಗತಿ. ನನ್ನ ಕೋಣೆಯಿಂದ ನೀನು ಕಟ್ಟು ಎತ್ತಿಕೊಂಡು ಹೋದೆಯಲ್ಲ, ಅವತ್ತು ಮನೆಗೆ ಹೋಗಿ ಅಮ್ಮನಿಗೆ ಎಲ್ಲ ಹೇಳಿ, ಊಟ ಮಾಡದೆ ಮಲಗಿದೆಯಂತೆ. ಮರುದಿನ ಹೆಣೆದ ಟೋಪಿಗೆ ನಿನ್ನ ಅಮ್ಮ ಬಾಲ ಹಾಕಲಿಲ್ಲ. ಇಪ್ಪತ್ತು ಟೋಪಿಗಳ ನಡುವೆ ಅಂಥ ಮೂರನ್ನು ಸೇರಿಸಿ ಕಳಿಸಿದರು. ಯಾರೂ ವಾಪಸು ಕಳಿಸಲಿಲ್ಲ. ಮುಂದಿನ ಸಲ ಹತ್ತು, ಆಮೇಲೆ ಇಪ್ಪತ್ತೂ. ಪಕ್ಕದ ಮನೆಯವಳು, "ಬಾಲ ಯಾಕೆ ಬಿಟ್ಟೇ ಶಾದ್ಲಿಯಾ?" ಎಂದು ಕೇಳಿದಾಗ, "ಕೇಳೋರು ಯಾರೂ ಇಲ್ಲ ಕಣೇ, ನೀನೂ ಬಿಡು," ಎಂದರಂತೆ. ಆ ವರ್ಷದ ಹಬ್ಬದ ಹೊತ್ತಿಗೆ ಇಡೀ ಓಣಿ ಬಿಟ್ಟಿತು. ಮುಂದಿನ ಹಬ್ಬಕ್ಕೆ ಅರ್ಯಾನಾ ಪೂರ್ತಿ.

"ಉಳಿದ ಹೊತ್ತಿನಲ್ಲಿ ಏನು ಮಾಡ್ತೀರಿ?" ಎಂದು ಕೇಳಿದೆ. ದಿನಕ್ಕೆ ಒಂದು ಗಂಟೆಯಾದರೂ ಉಳಿಯುತ್ತದಲ್ಲ, ವಾರಕ್ಕೆ ಇನ್ನೆರಡು ಟೋಪಿ ಹೆಚ್ಚಿಗೆ ಹೆಣೆಯುತ್ತಾರೆಂದು ನನ್ನ ಲೆಕ್ಕಾಚಾರ. ನಿನ್ನ ಅಮ್ಮ ನನ್ನತ್ತ ಕನಿಕರದಿಂದ ನೋಡಿ, "ಮಲಗ್ತೀನಿ," ಎಂದರು.

ಮಗಳಿಗೆ ಇದನ್ನೆಲ್ಲ ಯಾಕೆ ಹೇಳಲಿಲ್ಲವೆಂದು ಕೇಳಿದ್ದಕ್ಕೆ, "ಆ ಮಾತು ಬಂದ್ರೆ ಎದ್ದು ಹೋಗ್ತಾಳೆ. ಅವಳ ಹಟ ನಿಮಗೆ ಗೊತ್ತಲ್ಲ," ಎಂದರು. ಅಷ್ಟರಲ್ಲಿ ನನ್ನ ಕೈ ತಾನಾಗಿ ಜೇಬಿನ ಪೆನ್ನಿಗೆ ಹೋಗಿತ್ತು. ಒಂದು ಅಭ್ಯಾಸ ಹೇಗೆ ಸಾಯುತ್ತದೆ ಎಂಬುದರ ಇಷ್ಟು ಸ್ವಚ್ಛವಾದ ಉದಾಹರಣೆ ನನ್ನ ಇಡೀ ಓದಿನಲ್ಲಿ ಸಿಕ್ಕಿರಲಿಲ್ಲ. ಶಾದ್ಲಿಯಾ ಕಡ್ಡಿ ನಿಲ್ಲಿಸಿ, "ಬರ್ಕೋಬೇಡಿ ಸಿ ತಿಜಾನಿ. ಅದು ನನ್ನ ಮಗಳು ಬರೀಬೇಕಾದ್ದು," ಎಂದರು. ನಾನು ಪೆನ್ನು ಒಳಗಿಟ್ಟೆ.

ಬರೆದುಕೊಳ್ಳಲಿಲ್ಲ ರಫ್ಲಾ. ಆದರೆ ಬೇರೆ ಎರಡು ಕೆಲಸ ಮಾಡಿದೆ. ಕೊನೆಯ ಪಾಠದ ದಿನ ನನ್ನ ಟಿಪ್ಪಣಿ ಬದಿಗಿಟ್ಟು, ನನ್ನ ಕಪಾಟಿನಲ್ಲಿ ಉಳಿದಿದ್ದ ನಿನ್ನ ಮೂರನೆಯ ಅಧ್ಯಾಯದ ಪ್ರತಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ, ನಿನ್ನ ಹೆಸರು ಹೇಳಿಯೇ. ನಾನು ನಿನಗೆ ಅಂದು ಏನು ಹೇಳಿದೆನೆಂಬುದನ್ನೂ ಹೇಳಿದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು, "ಅವರೀಗ ಎಲ್ಲಿದಾರೆ ಉಸ್ತಾದ್?" ಎಂದಳು. "ಕೆಫ್‌ನ ಶಾಲೆಯಲ್ಲಿದಾರೆ, ಅದಕ್ಕೆ ಕಾರಣ ನಾನೇ," ಎಂದೆ.

ಎರಡನೆಯದು, ಅವಧಿ ಮೀರಿದ ಪ್ರಬಂಧವನ್ನು ಮತ್ತೆ ತೆರೆಯಬೇಕಾದರೆ ಮಾರ್ಗದರ್ಶಕ ಕಾರಣ ಬರೆದುಕೊಡಬೇಕು. 'ತಪ್ಪು ಮಾರ್ಗದರ್ಶಕನದು' ಎಂದು ಬರೆದುಕೊಟ್ಟೆ. ವಿಭಾಗದ ಹೊಸ ಮುಖ್ಯಸ್ಥೆ, "ಇದನ್ನ ಸ್ವಲ್ಪ ಮೆದು ಮಾಡಿ ಬರೀಬಹುದಲ್ಲ," ಎಂದರು. ಬೇಡವೆಂದೆ. ಸೆಪ್ಟೆಂಬರಿನಲ್ಲಿ ಒಪ್ಪಿಗೆ ಬಂತು. ಇದರ ಜೊತೆಗಿರುವ ಅರ್ಜಿಗೆ ನೀನು ಸಹಿ ಹಾಕಿ ಈ ತಿಂಗಳೊಳಗೆ ಕಳಿಸಿದರೆ ಜನವರಿಯಲ್ಲಿ ಮೌಖಿಕ ಪರೀಕ್ಷೆ. ಕಳಿಸದಿದ್ದರೆ ಪ್ರಬಂಧ ಶಾಶ್ವತವಾಗಿ ಮುಚ್ಚಿಹೋಗುತ್ತದೆ. ಅದು ನಿನ್ನ ಇಷ್ಟ, ಒತ್ತಾಯಿಸುವ ಹಕ್ಕು ನನಗಿಲ್ಲ. ಶಾಲೆಯ ಮಕ್ಕಳ ನಡುವೆ ನೀನು ಸುಖವಾಗಿದ್ದರೆ ಅದೂ ಒಳ್ಳೆಯದೇ. ಆದರೆ ನಾನು ಕಿತ್ತುಕೊಂಡದ್ದನ್ನು ನಿನ್ನ ಬಾಗಿಲಿಗೆ ತಂದು ಇಡುವುದು ನನ್ನ ಕೆಲಸ. ನನ್ನನ್ನು ಕ್ಷಮಿಸು ಎಂದು ಕೇಳುತ್ತೇನೆ, ಕ್ಷಮಿಸಲೇಬೇಕೆಂದು ಕೇಳುವುದಿಲ್ಲ.

ಪರೀಕ್ಷಕರ ಸಾಲಿನಲ್ಲಿ ನಾನು ಇರುವುದಿಲ್ಲ. ಮಾರ್ಗದರ್ಶಕನಿಗೆ ಅಲ್ಲಿ ಕುರ್ಚಿ ಇರುತ್ತದೆ, ಅದನ್ನು ಬಿಟ್ಟುಕೊಟ್ಟಿದ್ದೇನೆ. ನೀನು ಒಪ್ಪಿದರೆ ಗೋಡೆ ಬದಿಯ ಬೆಂಚಿನಲ್ಲಿ ನಿನ್ನ ಅಮ್ಮನ ಪಕ್ಕ ಕೂರುತ್ತೇನೆ. ಮೊನ್ನೆ ಇದನ್ನು ಹೇಳುವುದಕ್ಕೇ ಅರ್ಯಾನಾಕ್ಕೆ ಹೋಗಿದ್ದು. "ಅಲ್ಲಿ ಬಂದು ನಾನು ಏನು ಮಾಡ್ಬೇಕು?" ಎಂದು ಕೇಳಿದರು. "ಏನೂ ಇಲ್ಲ. ಅವಳು ಮಾತಾಡುವಾಗ ಸುಮ್ನೆ ಕೇಳಿಸ್ಕೊಂಡ್ರೆ ಆಯ್ತು," ಎಂದೆ. ಶಾದ್ಲಿಯಾ ತಲೆಯೆತ್ತದೆ ಹೆಣೆಯುತ್ತಲೇ, "ಅದು ನನಗೆ ಬರುತ್ತೆ ಸಿ ತಿಜಾನಿ. ನೀವು ಕಲ್ತ್ಕೊಂಡು ಬನ್ನಿ," ಎಂದರು.

ಕಲಿಯುತ್ತಿದ್ದೇನೆ. ಕೆಫ್‌ನ ಚಳಿಯಲ್ಲಿ ಜೋಪಾನವಾಗಿರು. ದೇವರು ನಿನ್ನ ಮಾತಿಗೆ ಕಿವಿಗಳನ್ನು ಕೊಡಲಿ, ನಿನ್ನ ಅಮ್ಮನ ಕಣ್ಣುಗಳನ್ನು ಕಾಯಲಿ.

ನಿನ್ನ ವಿದ್ಯಾರ್ಥಿಯಾಗಲು ತಡಮಾಡಿದ,
ತಿಜಾನಿ