ಆ ಮೇಲಿನ ಸಾಲು

ಜನವರಿ ೯, ಸಂಜೆ

ಇವತ್ತೂ ಟ್ರ್ಯಾಕ್. ನಾನು ಹಾಡಿಡಬೇಕು, ರಾಣಿ ಕೇಳಿ ಕಲಿತು ಹಾಡಬೇಕು, ಆಮೇಲೆ ನನ್ನದನ್ನು ಅಳಿಸಬೇಕು. ಕಸುಬೇ ಅದು — ಅಳಿಸಿಹೋಗೋದು. ರಾಣಿ ಅಂದರೆ ಸ್ಟಾರ್ ಗಾಯಕಿ. ಸ್ಟುಡಿಯೋದವರೆಲ್ಲ ಬೆನ್ನ ಹಿಂದೆ ಕರೆಯೋದು ಹಾಗೆ.

ಸಂಗೀತ ನಿರ್ದೇಶಕನಿಗೆ ಟ್ಯೂನ್ ಹೊಳೆಯುತ್ತಿಲ್ಲ. ಎಸಿ ರೂಮಿನಲ್ಲೂ ಬೆವರು. "ನಿಮ್ಮ ಮೇಷ್ಟ್ರು ಕಲಿಸಿದ್ದು ಯಾವುದಾದ್ರೂ ಹಳೇದು ಹಾಡಮ್ಮ, ತಲೆ ಓಡಲಿ." ಹಾಡಿದೆ. ತಲೆ ಓಡಲಿಲ್ಲ, ಕೈ ಓಡಿತು. ವೇಗ ಏರಿಸಿದ, ಡ್ರಮ್ಸ್ ಹಾಕಿದ, ಕಣ್ಣು ಮಿಟುಕಿಸೋ ಮಾತು ತುಂಬಿದ. "ಹೆಂಗಿದೆ ನನ್ನ ಟ್ಯೂನು?"

ನಿನ್ನ ಟ್ಯೂನು!

ಜನವರಿ ೧೭

ತಾರಸ್ಥಾಯಿಗೆ ಏರೋ ಮೇಲಿನ ಸಾಲು ರಾಣಿಗೆ ಎಟುಕಲಿಲ್ಲ. ಹತ್ತಿದಳು, ಜಾರಿದಳು. ಮತ್ತೆ ಹತ್ತಿದಳು. ಗಂಟಲು ಕೆಟ್ಟಿದೆ ಅಂತ ಮನೆಗೆ ಹೋದಳು. ನಿರ್ದೇಶಕ ಅಂದ — "ಆ ಒಂದು ಸಾಲು ಇವಳದ್ದೇ ಇರಲಿ ಬಿಡ್ರೋ. ಯಾರಿಗೆ ಗೊತ್ತಾಗತ್ತೆ?" ನಾನು ಅಲ್ಲೇ ಇದ್ದೆ. ಕುರ್ಚಿ ಬಗ್ಗೆ ಮಾತಾಡಿದ ಹಾಗೆ.

"ನನ್ನ ಹೆಸರು ಹಾಕ್ತೀರಾ ಸಾರ್?"

"ನೋಡೋಣಮ್ಮ."

ಮಾರ್ಚ್ ೨

ಹಿಟ್. ಬಸ್ಸಲ್ಲಿ, ಕಟಿಂಗ್ ಶಾಪಲ್ಲಿ, ಕಂಡಕಂಡವರ ಫೋನಲ್ಲಿ. ಅಮ್ಮ ಕೆಲಸ ಮಾಡೋ ಲಾಂಡ್ರಿಯ ರೇಡಿಯೋದಲ್ಲೂ ಬಂತಂತೆ. ಇಸ್ತ್ರಿಪೆಟ್ಟಿಗೆ ಹಿಡಿದೇ ನಿಂತುಬಿಟ್ಟಳಂತೆ. ಯಾರದೋ ಷರಟಿನ ಕಾಲರ್ ಸುಟ್ಟಿತು. ಬೈಸಿಕೊಂಡು ಮನೆಗೆ ಬಂದಳು, ಮುಖ ತುಂಬ ನಗು. "ಆ ಮೇಲಿಂದು ನೀನೇ ಅಲ್ವೇನೇ?"

ಹಾಡಿನ ಕೆಳಗೆ ಹೆಸರುಗಳಿವೆ. ರಾಣಿಯದು ದಪ್ಪಕ್ಷರ. ಟೀ ಸರಬರಾಜು ಮಾಡಿದವನಿಗೂ ಕೃತಜ್ಞತೆ ಇದೆ. ನನ್ನದಿಲ್ಲ.

ಮಾರ್ಚ್ ೧೧

ಮೇಷ್ಟ್ರು ಕರೆಸಿದರು. ಟ್ಯೂನು ತಮ್ಮದೇ ಅಂತ ಗೊತ್ತಾಗಿಬಿಟ್ಟಿದೆ. ಗೊತ್ತಾಗದೆ ಇರುತ್ತಾ? ಅವರಿಗೆ ಉಬ್ಬಸ. ಆ ಸಾಲಿನ ನಡುವೆ ಉಸಿರಿಗಾಗಿ ತಡೆಯುತ್ತಿದ್ದರು. ನಾವು ಶಿಷ್ಯರು ಅದನ್ನೂ ಸಂಗೀತ ಅಂತಲೇ ಕಲಿತೆವು. ಈಗ ಊರಿಗೆ ಊರೇ ಆ ಜಾಗದಲ್ಲಿ ನಿಂತು ಉಬ್ಬಸ ಪಡುತ್ತಿದೆ.

"ನನ್ನ ಮನೆ ಸಂಗೀತಾನ ಬೀದಿಗೆ ಬಿಟ್ಟೆಯಲ್ಲೇ!"

"ಬೀದಿಯವರು ಚೆನ್ನಾಗೇ ನೋಡ್ಕೋತಿದಾರೆ ಮೇಷ್ಟ್ರೇ."

"ಇಸ್ತ್ರಿಯವಳ ಮಗಳಿಗೆ ಕಲಿಸಿದ್ದೇ ತಪ್ಪು."

"ಸುಮ್ಮನೆ ಕಲಿಸಲಿಲ್ಲ. ನಿಮ್ಮ ಮನೆಮಂದಿಯ ಬಟ್ಟೆಯೆಲ್ಲ ಅಮ್ಮನ ಕೈಲಿ ತಿಕ್ಕಿಸಿಕೊಂಡು ಕಲಿಸಿದಿರಿ."

ಮುಖ ಕಪ್ಪಿಟ್ಟಿತು. ಆದರೂ ನಾನು ಬೇಕು. ಪತ್ರಿಕೆಯವರ ಮುಂದೆ ನಿಂತು, ಇವರ ಸ್ವರ ಕದ್ದರು ಅನ್ನಬೇಕಂತೆ. ಅಂತೀನಿ, ಆ ಸಾಲಿನ ಗಂಟಲು ನನ್ನದು ಅಂತಾನೂ ಹೇಳ್ತೀನಿ ಅಂದೆ.

"ಅದು ಈಗ ಮುಖ್ಯ ಅಲ್ಲ" ಅಂದರು.

ಅದೊಂದೇ ಮುಖ್ಯ. ಎದ್ದು ಬಂದೆ.

ಏಪ್ರಿಲ್ ೨೦

ಬರೆಯಲು ಮನಸ್ಸಿರಲಿಲ್ಲ. ಟಿವಿ ತುಂಬ ಮೇಷ್ಟ್ರದ್ದೂ ನಿರ್ದೇಶಕನದ್ದೂ ಜಗಳ. ಕಳ್ಳ ಅಂತ ಇವರು, ಹಳೇ ಸಂಗೀತ ಯಾರಪ್ಪನ ಮನೆ ಆಸ್ತಿ ಅಂತ ಅವನು. ಇವತ್ತಿನ ಪೇಪರಲ್ಲಿ ಫೋಟೋ — ಕದ್ದವನೂ ಕಳಕೊಂಡವನೂ ಒಂದೇ ಸೋಫಾ ಮೇಲೆ, ಹಲ್ಲು ಬಿಟ್ಟುಕೊಂಡು. ರಾಜಿಯಂತೆ. ಹಾಡಿನ ಜೊತೆ ಮೇಷ್ಟ್ರ ಹೆಸರು. ಮೇಷ್ಟ್ರ ಸಂಗೀತ ಸಭೆಯಲ್ಲಿ ರಾಣಿಯ ಕಛೇರಿ.

ದೊಡ್ಡವರ ಜಗಳ ಎಷ್ಟು ಬೇಗ ಮುಗಿಯುತ್ತದೆ!

ಮೇ ೪

ಇಬ್ಬರೂ ಮನೆಗೆ ಬಂದಿದ್ದರು, ಒಂದೇ ಕಾರಲ್ಲಿ. ಅಮ್ಮ ಕೂತ್ಕೊಳ್ಳಿ ಅನ್ನಲಿಲ್ಲ.

ವಿಷಯ ಇಷ್ಟು. ಸಭೆಯ ವೇದಿಕೆ ಮೇಲೆ ರೆಕಾರ್ಡಿಂಗ್ ಹಾಕುವಂತಿಲ್ಲ, ಮೇಷ್ಟ್ರೇ ಮಾಡಿದ ನಿಯಮ. ರಾಣಿಗೆ ಮೇಲಿನ ಸಾಲು ಬಾರದು. ನಾನು ಪರದೆಯ ಹಿಂದೆ ಮೈಕ್ ಹಿಡಿದು ನಿಲ್ಲಬೇಕು. ಅವಳು ಬಾಯಿ ಆಡಿಸುತ್ತಾಳೆ.

"ನಿಮ್ಮ ಸಭೇಲಿ ಮೋಸ ನಡೆಯಲ್ಲ ಅಂತೀರಲ್ಲ ಮೇಷ್ಟ್ರೇ?"

"ರೆಕಾರ್ಡ್ ಹಾಕಿದ್ರೆ ಮೋಸ. ನೀನು ರೆಕಾರ್ಡ್ ಅಲ್ಲವಲ್ಲ."

ಅಮ್ಮ ಕೇಳಿದಳು — "ನನ್ನ ಮಗಳ ಹೆಸರು ಕೂಗ್ತೀರಾ?"

ನಿರ್ದೇಶಕ ನಕ್ಕ. "ಪರದೆ ಹಿಂದೆ ಇರೋರ ಹೆಸರು ಯಾರು ಕೂಗ್ತಾರಮ್ಮ? ಬರದೆ ಇದ್ರೆ ಮಾತ್ರ ಯಾವ ಸ್ಟುಡಿಯೋದಲ್ಲೂ ಇವಳ ಹೆಸರು ಕೇಳಿಸಲ್ಲ, ನೋಡ್ಕೊಳ್ಳಿ."

ಬರ್ತೀನಿ ಅಂದೆ. ಅಮ್ಮ ರಾತ್ರಿ ಊಟದ ತಟ್ಟೆ ನನ್ನ ಮುಂದೆ ಕುಕ್ಕಿ ಹೋದಳು.

ಮೇ ೧೭, ಬೆಳಿಗ್ಗೆ

ನಿನ್ನೆಯದು ಬರೆದುಬಿಡಬೇಕು.

ಸಭಾಂಗಣ ಕಿಕ್ಕಿರಿದಿತ್ತು. ಮೊದಲ ಸಾಲುಗಳನ್ನು ರಾಣಿ ಚೆನ್ನಾಗೇ ಹಾಡಿದಳು. ಸುಳ್ಳು ಯಾಕೆ ಹೇಳಲಿ. ಮೇಲಿನ ಸಾಲು ಬಂತು. ಅವಳು ಕೈ ಎತ್ತಿ ಬಾಯಿ ತೆರೆದಳು. ನಾನು ತೆರೆಯಲಿಲ್ಲ.

ತಬಲಾ ಒಂದೇ ಓಡುತ್ತಿತ್ತು. ಪಾಪ, ಆ ಹೆಂಗಸು ತೆರೆದ ಬಾಯಿ ಮುಚ್ಚಲೂ ಆಗದೆ... ಅಯ್ಯೋ ಅನ್ನಿಸಿತು. ಒಂದು ಗಳಿಗೆ. ಪಕ್ಕದಲ್ಲಿ ಮೇಷ್ಟ್ರು — "ಹಾಡೇ! ಹಾಡು ತಾಯಿ, ಕಾಲಿಗೆ ಬೀಳ್ತೀನಿ." ತಾಯಿಯಂತೆ! ಇಷ್ಟು ವರ್ಷ ಕರೆದಿದ್ದು "ಏ ಇವಳೇ" ಅಂತ.

ಮೈಕಿಗೆ ಬಾಯಿ ಕೊಟ್ಟು ಹೇಳಿದೆ — "ನೀವೆಲ್ಲ ಕೇಳೋಕೆ ಬಂದಿರೋ ಸಾಲು ಹಾಡಿದವಳು ಪರದೆ ಹಿಂದೆ ನಿಂತಿದಾಳೆ. ಅವಳ ಹೆಸರು —"

ನಿರ್ದೇಶಕ ವೈರ್ ಕಿತ್ತ.

ಕಿತ್ತುಕೊಳ್ಳಲಿ. ಪರದೆ ಸರಿಸಿ ಮುಂದೆ ಬಂದೆ. ಜನ ಎದ್ದು ನಿಂತರು. ಬೈಯಲಿಕ್ಕೋ ಕೇಳಲಿಕ್ಕೋ ತಿಳಿಯಲಿಲ್ಲ. "ಇಳೀರಿ ಕೆಳಗೆ!" ಅಂತ ಒಬ್ಬ. "ಹಾಡಲಿ ಬಿಡ್ರೀ!" ಅಂತ ಹಿಂದಿನಿಂದ ಒಂದು ಹೆಣ್ಣು ದನಿ, ಅಮ್ಮನದಲ್ಲ. ಮೈಕಿಲ್ಲದ ಗಂಟಲಲ್ಲೇ, ಕೊನೆಯ ಕುರ್ಚಿಯವರಿಗೂ ಕೇಳುವ ಹಾಗೆ, ಮೊದಲು ನನ್ನ ಹೆಸರು ಹೇಳಿದೆ. ಆಮೇಲೆ ಆ ಮೇಲಿನ ಸಾಲು ಹಾಡಿದೆ.