ಬದುವಿನ ತೆಂಗಿನಮರ ಹಡಗು ಹತ್ತಿದ್ದು

ಕೊಲಂಬೊ ಬಂದರು
೧೨-೨-೧೯೮೨

ಯಜಮಾನರಿಗೆ ಪುಟ್ಟಗೌರಮ್ಮ ಮಾಡುವ ನಮಸ್ಕಾರಗಳು. ನಿಮ್ಮ ಕೆಮ್ಮು ಹೇಗಿದೆ? ಕಷಾಯ ಕುಡಿಯುತ್ತಿದ್ದೀರೋ, ದನದ ಕಲಗಚ್ಚಿಗೆ ಸುರಿಯುತ್ತಿದ್ದೀರೋ? ಕೆಂದಹಸು ಈದಿದ್ದರೆ ಗಿಣ್ಣನ್ನೆಲ್ಲ ಒಬ್ಬರೇ ತಿಂದು ಹೊಟ್ಟೆ ಕೆಡಿಸಿಕೊಳ್ಳಬೇಡಿ. ನಾನು ಚೆನ್ನಾಗಿದ್ದೇನೆ. "ಬೋರನಕಣಿವೆ ಡ್ಯಾಮಿನ ನೀರು ನೋಡಿದ್ರೇ ತಲೆ ಸುತ್ತುತ್ತೆ ಅಂತೀಯ, ಸಮುದ್ರಕ್ಕೆ ಹೋಯ್ತೀಯೇನೇ?" ಎಂದು ನಕ್ಕಿರಲ್ಲ, ಮೊದಮೊದಲು ನಿಮ್ಮ ಮಾತೇ ನಿಜವಾಯಿತು. ಹೊಟ್ಟೆಯಲ್ಲಿದ್ದುದೆಲ್ಲ ಅರಬ್ಬಿ ಸಮುದ್ರದ ಪಾಲಾಯಿತು.

ಈ ಶಾಂತಿಯಾತ್ರೆಯ ಹಡಗಿಗೆ ನನ್ನನ್ನು ಅಡುಗೆಗೆಂದು ಸೇರಿಸಿದ ಸರ್ವೋದಯದ ರಂಗಕ್ಕನನ್ನು ಆಗ ಬಾಯಿಗೆ ಬಂದಂತೆ ಬೈದೆ. ಬಾಂಬು ಬೇಡವೆಂದು ದೇಶದೇಶಕ್ಕೆ ಹೇಳಿ ಬರಲು ಹೊರಟವರಲ್ಲಿ ನೆಟ್ಟಗೆ ನಿಂತವರು ಒಬ್ಬರೂ ಇರಲಿಲ್ಲ. ಒಬ್ಬರು ಯೇಸುವನ್ನು ಕರೆದರು, ಒಬ್ಬರು ಅಲ್ಲಾನನ್ನು, ನಾನು ನಮ್ಮ ಮನೆದೇವರನ್ನು. ತಲೆ ಬೋಳಿಸಿಕೊಂಡ ಜಪಾನಿನ ಸನ್ಯಾಸಿನಿಯೊಬ್ಬರು ಬೀಸಣಿಗೆಯಂಥ ತಮಟೆ ಬಡಿಯುತ್ತಲೇ ವಾಂತಿ ಮಾಡಿಕೊಂಡರು. ಆಮೇಲೆ ನನ್ನ ಹಣೆ ಒತ್ತಿ ಹಿಡಿದವರೂ ಅವರೇ. ಕಾಪಾಡಿದ್ದು ಯಾವ ದೇವರೋ ಗೊತ್ತಿಲ್ಲ, ಎಲ್ಲರೂ ಒಟ್ಟಿಗೆ ಬಂದಿರಬೇಕು ಎಂದು ನನಗೆ ನಂಬಿಕೆ ಬಂದುಬಿಟ್ಟಿದೆ. ಈಗ ಆಯಮ್ಮ ನನ್ನ ಪಕ್ಕದಲ್ಲೇ ಕೂತು ಮುದ್ದೆ ಉಣ್ಣುತ್ತಾರೆ. ನುಂಗಬೇಕೆಂದು ಎಷ್ಟು ಹೇಳಿದರೂ ಅಗಿಯುತ್ತಾರೆ; ಒಂದು ಮುದ್ದೆ ಮುಗಿಯುವುದರೊಳಗೆ ಹೊತ್ತು ಮುಳುಗುತ್ತದೆ.

ಇಲ್ಲಿ ಬೆಳಗಿನ ಪ್ರಾರ್ಥನೆಗೆ ಮುಂಚೆ ಒಂದು ಪದ್ಧತಿ. ಊರಿನಲ್ಲಿ ಯಾರ ಜೊತೆ ಮಾತು ಬಿಟ್ಟಿದೆಯೆಂದು ಹೇಳಿಯೇ ಕೂರಬೇಕು. ನನ್ನ ಸರದಿ ಬಂದಾಗ ನಿಮ್ಮ ಮತ್ತು ಮೈದುನ ಮಾಯಣ್ಣನ ವಿಷಯ ಹೇಳಬೇಕಾಯಿತು. ನಮ್ಮ ಬದುವಿನ ತೆಂಗಿನಮರ ಅವನ ತೋಟದ ಕಡೆ ಬಾಗಿದೆ, ಬೇರು ನಮ್ಮದೆಂದು ನೀವು, ಕಾಯಿ ಬೀಳುವ ನೆಲ ತನ್ನದೆಂದು ಅವನು, ಇಬ್ಬರೂ ಮುಟ್ಟದೆ, ಇನ್ನೊಬ್ಬರಿಗೆ ಮುಟ್ಟಲು ಬಿಡದೆ, ಬಿದ್ದ ಕಾಯೆಲ್ಲ ಮೊಳೆತು ಈಗ ಅಲ್ಲೊಂದು ಸಸಿಮಡಿಯೇ ಆಗಿದೆ ಎಂದೆ. ರಂಗಕ್ಕ ಅದನ್ನು ಇಂಗ್ಲಿಷಿನಲ್ಲಿ ಹೇಳಿದ ಕೂಡಲೇ ಹಡಗಿಗೆ ಹಡಗೇ ನಕ್ಕಿತು. ನಗು ಮುಗಿದ ಮೇಲೆ ಬಿಳಿಗಡ್ಡದ ಕಪ್ತಾನರು, ಒಂದು ಗೋಡೆ ಗಡಿಯಾರಕ್ಕಾಗಿ ತಂಗಿಯ ಜೊತೆ ಮಾತು ಬಿಟ್ಟಿದ್ದೆ, ಹೋದ ವರ್ಷ ಆಕೆ ತೀರಿಕೊಂಡಳು ಎಂದು ಹೇಳಿ ಅತ್ತರು. ನನಗೆ ಹೆದರಿಕೆಯಾಯಿತು ರೀ. ಅಲೆಗೂ ಅಷ್ಟು ಹೆದರಿರಲಿಲ್ಲ. ನೀವಿಬ್ಬರೂ ಅರವತ್ತರ ಹತ್ತಿರ ಬಂದಿದ್ದೀರಿ.

ಮಾಯಣ್ಣ ಮೊಂಡ, ಕೋಣನ ಜಾತಿ, ಒಪ್ಪಿದೆ. ನೀವೇನು ಕಡಿಮೆಯೇ? ಆದರೆ ನಿಮಗೆ ಹಾವು ಕಡಿದಾಗ ಹೆಗಲ ಮೇಲೆ ಹೊತ್ತು ದಂಡಿನಶಿವರದ ಆಸ್ಪತ್ರೆಯವರೆಗೆ ಓಡಿದವನು ಅವನೇ. "ಕಣ್ಮುಚ್ಬ್ಯಾಡ ಕಣಣ್ಣಯ್ಯ" ಎಂದು ದಾರಿಯುದ್ದಕ್ಕೂ ಅತ್ತದ್ದು ನನಗಿನ್ನೂ ಕೇಳಿಸುತ್ತದೆ. ರಷ್ಯಾ ಅಮೆರಿಕಕ್ಕೆ ಬುದ್ಧಿ ಹೇಳಲು ಹೊರಟವಳ ಮನೆಯಲ್ಲೇ ಹೀಗಾದರೆ ಯಾವ ಮುಖ ಹೊತ್ತು ಮುಂದಿನ ಬಂದರಿನಲ್ಲಿ ಇಳಿಯಲಿ?

ಊರವರಿಗೆಲ್ಲ ನಾನು ಕೇಳಿದೆನೆಂದು ಹೇಳಿ. ಮನೆದೇವರು, ಜೊತೆಗೆ ಇಲ್ಲಿರುವ ದೇವರುಗಳೂ ನಿಮ್ಮನ್ನು ಚೆನ್ನಾಗಿಟ್ಟಿರಲಿ.

ಇಂತಿ ನಿಮ್ಮ,
ಗೌರ

ಒಂದು ಮಾತು ಬಿಟ್ಟಿದ್ದೆ: ನಿಮಗಂತೂ ಅಕ್ಷರ ಬಾರದು. ಪ್ರತಿ ಸಲ ಪೋಸ್ಟಿನ ವೆಂಕಟಯ್ಯನಿಂದ ಓದಿಸುವುದೇಕೆಂದು ಈ ಕಾಗದವನ್ನು ಮಾಯಣ್ಣನ ವಿಳಾಸಕ್ಕೇ ಹಾಕಿದ್ದೇನೆ, ಅಣ್ಣನಿಗೆ ಓದಿ ಹೇಳು ಎಂದು ಮೇಲೆ ಬರೆದು. ಈಗ ನಿಮ್ಮೆದುರು ಜಗಲಿಯ ಮೇಲೆ ಕೂತು ಓದುತ್ತಿರುವವನು ಅವನೇ. ಮಾಯಣ್ಣ, ಬೈದದ್ದನ್ನೂ ಬಿಡದೆ ಓದಿದೆ ತಾನೇ? ಏನ್ರೀ, ಅವನ ಗಂಟಲು ಒಣಗಿರುತ್ತದೆ. ಎದ್ದು ಒಳಗಿಂದ ಒಂದು ಲೋಟ ಮಜ್ಜಿಗೆ ತಂದುಕೊಡಿ.